ಜೋಳದ ತೆನೆಯ ಗುರುತು

"ಎತ್ತ ಕಣ್ಣು ಹಾಯಿಸ್ರಿ, ಉಸುಕು. ಉಸುಕು ಬಿಟ್ರ ಮತ್ತೇನೂ ಇಲ್ಲ. ಅಂಥಲ್ಲಿ ರೋಡಿನ ಬಾಜೂಕ ಇಷ್ಟು ದೊಡ್ಡ ಬೋರ್ಡ್ ಹಾಕ್ಯಾರ್ರಿ. ಏನಂತ? 'ಎಚ್ಚರಿಕೆ, ಮುಂದೆ ಉಸುಕು ಇದೆ' ಅಂತ."

ಇಷ್ಟು ಹೇಳಿ ನರಸಿಂಗ ಚಹಾದ ಗ್ಲಾಸನ್ನು ತುಟಿಗೆ ಹಚ್ಚಿ, ಮಂದಿ ನಗಲೆಂದು ಕಾದ. ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಶಿವರಾಜಪ್ಪನ ಹೋಟೆಲಿನಲ್ಲಿ ಈ ಬೋರ್ಡಿನ ಕಥೆ ಕೇಳದವರು ಯಾರೂ ಉಳಿದಿರಲಿಲ್ಲ. ಖಟಕ ಚಿಂಚೋಳಿಯ ಬಸ್ಸಿಗೆ ಕಾಯುತ್ತ ಕೂತವರು ಸಹ ಎರಡೆರಡು ಸಲ ಕೇಳಿದ್ದರು. ಆದರೂ ನಕ್ಕರು. ನರಸಿಂಗ ಹೇಳುವ ಠೀವಿಯೇ ಹಾಗಿತ್ತು. ಬೋರ್ಡಿನ ಮಾತು ಬಾಯಲ್ಲಿ ಬರುವಾಗ ಅವನ ಬಲಗೈ ಬೆರಳು ಗಾಳಿಯಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿತ್ತು.

"ಅಲ್ಲೋ, ಹಿಂದ ದಾಟಿ ಬಂದ ಉಸುಕಿಗೆ ಬೋರ್ಡ್ ಇದ್ದಿಲ್ಲೇನು?" ಎಂದರು ಬರ್ನಬಾಸ ಮಾಸ್ತರರು. ಮಿಶನ್ ಶಾಲೆಯಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಇವರು, ದಿನಾ ಹನ್ನೊಂದರ ಚಹಾಕ್ಕೆ ಬಂದು ಸರಿಯಾದ ಜಾಗದಲ್ಲಿ ಸರಿಯಾದ ಪ್ರಶ್ನೆ ಕೇಳುವ ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿದ್ದರು.

"ಹಿಂದಿಂದು ಅದಾಗ್ಲೇ ಕಣ್ಣಾಗ ಹೋಗಿತ್ತಲ್ರಿ ಮಾಸ್ತರ. ಅದಕ್ಕ್ಯಾಕ ಬೋರ್ಡ್?"

ಉಸುಕಿನ ಬೋರ್ಡು ಮುಗಿದರೆ ಗಿಡುಗದ ದವಾಖಾನೆಯ ಬೋರ್ಡು. ನರಸಿಂಗ ದುಡಿದು ಬಂದ ಅರಬ್ಬಿ ದೇಶದಲ್ಲಿ ಸಾಹುಕಾರರು ಸಾಕಿದ ಗಿಡುಗಗಳಿಗೇ ಒಂದು ದವಾಖಾನೆ ಇತ್ತು. ಅದರ ಗೋಡೆಯ ಮೇಲೆ 'ತಮ್ಮ ಪಾಳಿ ಬರುವ ತನಕ ಗಿಡುಗಗಳು ಸುಮ್ಮನೆ ಕುಳಿತಿರಬೇಕು' ಎಂದು ಬರೆದಿತ್ತು. ಒಂದು ಬಾಗಿಲ ಮೇಲೆ 'ಇದು ಬಾಗಿಲಲ್ಲ' ಎಂದಿತ್ತು, ಹಿಡಿಕೆ ಚಿಲಕ ಎಲ್ಲ ಇದ್ದ ಬಾಗಿಲ ಮೇಲೆ. ಮತ್ತೊಂದು ಬಿಲ್ಡಿಂಗಿನ ಮುಂದೆ 'ಬ್ಯಾಚುಲರುಗಳಿಗೆ ಮನೆ ಕೊಡುವುದಿಲ್ಲ'. ಅಲ್ಲಿ ಬ್ಯಾಚುಲರ್ ಅಂದರೆ ಮದುವೆಯಾಗದವನಲ್ಲ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕೂಲಿಗೆ ಬಂದವನು. ಈ ಕಥೆಯನ್ನು ನರಸಿಂಗ ರಜೆಯಲ್ಲಿ ಬಂದಾಗ ಹೆಂಡತಿ ಶಾಲುಬಾಯಿಗೆ ಹೇಳಿದಾಗ ಅವಳು ಅಂಗಳದಲ್ಲಿ ಆಡುತ್ತಿದ್ದ ಮೂರೂ ಮಕ್ಕಳ ಕಡೆ ನೋಡಿ, "ಹಂಗಂದ್ರ ಇವು ಯಾರವು ಅಂತ ಆ ಸರಕಾರಕ್ಕ ಒಂದು ಸಲ ಕೇಳಿ ಬರ್ರಿ" ಎಂದಿದ್ದಳು. ಹೋಟೆಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದದ್ದು ಅವಳ ಈ ಮಾತಿಗೇ.

ನರಸಿಂಗ ಆ ದೇಶದಲ್ಲಿ ಆರು ವರ್ಷ ಬೋರ್ಡು ತಯಾರಿಸುವ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದ. ಅವನ ಹತ್ತಿರ ನಲವತ್ತು ಬೋರ್ಡಿನ ಕಥೆಗಳಿದ್ದರೆ ಹೇಳುತ್ತಿದ್ದದ್ದು ಮೂವತ್ತೊಂಬತ್ತು. ಉಳಿದ ಒಂದು ಬೋರ್ಡನ್ನು ಅವನು ಬರೆದದ್ದು ನಿಜ, ಅದನ್ನು ಬರೆದಾಗ ಹೆಮ್ಮೆಪಟ್ಟದ್ದೂ ನಿಜ. ಊರಿಗೆ ಬಂದು ಮೂರು ವರ್ಷವಾದರೂ ಅದು ಅವನ ಬಾಯಿಂದ ಹೊರಗೆ ಬಂದಿರಲಿಲ್ಲ. ಬೇರೆ ಮೂವತ್ತೊಂಬತ್ತನ್ನು ಇಷ್ಟು ಜೋರಾಗಿ ಹೇಳುತ್ತಿದ್ದದ್ದು ಅದಕ್ಕಾಗಿಯೋ ಏನೋ.

ಆ ದಿನ ನಕ್ಕವರಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವನು ಬಾಗಿಲ ಹತ್ತಿರ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಒಬ್ಬ ಹೊಸಬ. ನಲವತ್ತರ ಆಸುಪಾಸಿನವ, ಬಿಸಿಲಿಗೆ ಸುಟ್ಟ ಮುಖ, ಕತ್ತರಿಸಿದ ಸಣ್ಣ ಗಡ್ಡ. ನಗು ಮುಗಿದ ಮೇಲೆ ಅವನು ಎದ್ದು ಬಂದು ನರಸಿಂಗನ ಎದುರಿನ ಬೆಂಚಿಗೆ ಕೂತ.

"ನಾ ಅಬ್ದುಲ ಮಜೀದ್ರಿ, ಔರಾದದವ. ಇಲ್ಲಿ ಕೈಯಿಂದ ಬೋರ್ಡ್ ಬರಿಯೋ ಪೇಂಟರ್ ಅದಾರ ಅಂತ ಹೇಳಿದ್ರು, ಹುಡ್ಕೊಂಡು ಬಂದಿನಿ. ನೀವು ಹೇಳೋ ಊರಾಗ ನಾನೂ ಏಳು ವರ್ಷ ಇದ್ದೆ. ಪೈಪ್ ಕಟ್ಟೋ ಕೆಲಸ. ಆ ಉಸುಕಿನ ಬೋರ್ಡ್ ನಾನೂ ನೋಡಿನಿ."

"ಅದೇ ಊರಾಗ?" ಎಂದ ನರಸಿಂಗ. ಚಹಾದ ಗ್ಲಾಸನ್ನು ಕೆಳಗಿಟ್ಟ.

"ಅದೇ ಊರಾಗ್ರಿ. ಬಂದರಿನ ಹಿಂದಿನ ಕ್ಯಾಂಪ್."

ಶಿವರಾಜಪ್ಪ ಹಣೆಯ ವಿಭೂತಿಯ ಮೇಲೆ ಇಳಿದ ಬೆವರನ್ನು ಟವೆಲಿನಿಂದ ಒತ್ತಿಕೊಳ್ಳುತ್ತ, "ಆತಲ್ಲಪ, ನರಸಿಂಗನ ಕಥಿಗೆ ಇನ್ನ ಮ್ಯಾಲ ಸಾಕ್ಷಿನೂ ಸಿಕ್ತು" ಎಂದು ಹೊಸಬನಿಗೂ ಒಂದು ಚಹಾ ಇಟ್ಟ.

ಮಜೀದ ಔರಾದದ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಚಹಾದ ಅಂಗಡಿ ಹಾಕುವವನಿದ್ದ. ಬರುವ ಶುಕ್ರವಾರ ಶುರು. ಆ ರಸ್ತೆಯಲ್ಲಿ ಮಹಾರಾಷ್ಟ್ರದ ಬಸ್ಸುಗಳೂ ಬರುತ್ತವೆ, ತೆಲಂಗಾಣದ ಲಾರಿಗಳೂ ಬರುತ್ತವೆ. ಹಾಗಾಗಿ ಬೋರ್ಡಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬೇಕಿತ್ತು. ಬೀದರದಲ್ಲಿ ಫ್ಲೆಕ್ಸ್ ಅಂಗಡಿಯವರು ಒಂದು ತಾಸಿನಲ್ಲಿ ತೆಗೆದುಕೊಡುತ್ತೇವೆ ಅಂದಿದ್ದರು. ಅದು ಅವನಿಗೆ ಬೇಡವಾಗಿತ್ತು.

"ಫ್ಲೆಕ್ಸ್ ಅಕ್ಷರಕ್ಕ ಜೀವ ಇರಂಗಿಲ್ರಿ. ನನಗ ಹ್ಯಾಂಗ ಬೇಕು ಅಂತ ತೋರಿಸ್ತೇನಿ ನೋಡ್ರಿ," ಎಂದು ಮಜೀದ ಫೋನು ತೆಗೆದ. "ಬಿಲ್ಕುಲ್ ಹಿಂಗ ಬೇಕು."

ಫೋಟೋದಲ್ಲಿ ನೀಲಿ ಕೆಲಸದ ಬಟ್ಟೆ ತೊಟ್ಟ ಆರು ಮಂದಿ ಒಂದು ಬೋರ್ಡಿನ ಮುಂದೆ ಸಾಲಾಗಿ ನಿಂತಿದ್ದರು. ಬೋರ್ಡಿನ ಹಿಂದೆ ಕಬ್ಬಿಣದ ಗೇಟು, ಗೇಟಿನಾಚೆ ಹಸಿರು ಹುಲ್ಲು, ಅದರಾಚೆ ಸಮುದ್ರ. ಬೋರ್ಡಿನ ಮೇಲ್ಭಾಗದಲ್ಲಿ ಅರಬ್ಬಿ ಮತ್ತು ಇಂಗ್ಲಿಷ್. ಕೆಳಗೆ ಹಿಂದಿ, ಉರ್ದು, ತೆಲುಗು, ಎಲ್ಲಕ್ಕಿಂತ ಕೆಳಗೆ ಕನ್ನಡ. ಕನ್ನಡದ ಸಾಲು ಉಳಿದೆಲ್ಲ ಸಾಲುಗಳಿಗಿಂತ ಚೆಂದವಾಗಿತ್ತು. ಅದನ್ನು ನೋಡಲು ನರಸಿಂಗನಿಗೆ ಫೋನು ಕೈಗೆ ತೆಗೆದುಕೊಳ್ಳಬೇಕಾಗಿರಲಿಲ್ಲ. ಆ 'ಕ'ದ ಹೊಟ್ಟೆ ಎಷ್ಟು ದುಂಡಗಿದೆ, 'ಶ'ದ ಬಾಲ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ.

ಬರ್ನಬಾಸ ಮಾಸ್ತರರು ಕನ್ನಡಕ ಏರಿಸಿ ಬಗ್ಗಿದರು. "ಕೊಡ್ರಿ ಇಲ್ಲಿ. ಏನ್ ಬರ್ದಾರ? 'ಕೆಲಸದ ಬಟ್ಟೆಯಲ್ಲಿ ಬಂದವರಿಗೆ ಪ್ರವೇಶವಿಲ್ಲ. ಕುಟುಂಬದವರಿಗೆ ಮಾತ್ರ.' ಅಬಾಬಾ, ಅಕ್ಷರ ಖರೇನ ಮುತ್ತು ಪೋಣಿಸಿದಂಗ ಅವ. ಮಾತು ಮಾತ್ರ ಹಿಂಗ ಅದ."

"ಅದೇ ಮಜಾ ಅದರೊಳಗ," ಎಂದು ಮಜೀದ ನಕ್ಕ. "ಅವತ್ತು ಜುಮ್ಮಾ, ಶುಕ್ರವಾರ, ಅರ್ಧ ದಿನ ಕೆಲಸ. ಸಮುದ್ರ ನೋಡೋಣಂತ ಸೈಟಿನಿಂದ ಹಂಗೇ ಹೋದಿವಿ. ದೂರಿಂದ ಬೋರ್ಡ್ ಕಂಡ್ತು. ಕನ್ನಡ. ಎರಡು ವರ್ಷದಾಗ ಆ ಊರಾಗ ಒಂದು ಕನ್ನಡ ಅಕ್ಷರ ನೋಡಿದ್ದಿಲ್ರಿ ನಾವು. ಖುಷಿಯಾಗಿ ಓಡಿವಿ ನೋಡ್ರಿ, ಆರೂ ಮಂದಿ. ನಾ ಮುಂದ ಇದ್ದೆ, ಜೋರಲೆ ಓದ್ಲಿಕ್ಕೆ ಶುರು ಮಾಡಿನಿ. 'ಕೆಲಸದ ಬಟ್ಟೆಯಲ್ಲಿ ಬಂದವರಿಗೆ' ಅನ್ನೋತನಕ ಎಲ್ಲಾರಿಗೂ ಖುಷಿ. ನಮಗಂತನೇ ಬರ್ದಾರ ಅಂತ. ಅದೂ ಖರೇನ ಇತ್ತು ಬಿಡ್ರಿ, ನಮಗಂತನೇ ಬರ್ದಿದ್ರು."

ಹೋಟೆಲಿನಲ್ಲಿ ನಗು ಎದ್ದಿತು. ನರಸಿಂಗನೂ ನಗುವ ಹಾಗೆ ತುಟಿ ಮಾಡಿದ.

"ಇವನ್ನ ನೋಡ್ರಿ," ಮಜೀದ ಫೋಟೋದ ಬಲಗಡೆಯ ತುದಿಗೆ ಬೆರಳಿಟ್ಟ. "ಘಾಳೆಪ್ಪ, ಚಿಂತಾಕಿಯವ. ಗಾರೆ ಕೆಲಸ. ಅವಗ ಓದ್ಲಿಕ್ಕ ಬರಂಗಿಲ್ಲ. ನಾವು ಐದೂ ಮಂದಿ ಓದಿ ಸುಮ್ಮನಾದಿವಿ, ಇವ ಒಬ್ಬನೇ 'ಏನದ, ಏನದ' ಅಂತ ಕೇಳ್ಲಿಕತ್ತಾನ. ಹ್ಯಾಂಗ ಹೇಳ್ಬೇಕ್ರಿ? 'ಇವತ್ತು ಪಾರ್ಕ್ ಬಂದ್ ಅದ ಅಂತ ಬರ್ದಾರ' ಅಂದಿನಿ. ಅವ ನಂಬಿದ. ಬೋರ್ಡಿನ ಮೂಲಿಗೆ ಸಣ್ಣದೊಂದು ಜ್ವಾಳದ ತೆನಿ ಬರ್ದಿತ್ತು. ಅಕ್ಷರ ತಿಳೀಲಿಲ್ಲ, ತೆನಿ ತಿಳೀತು ಅವಗ. 'ಇದು ನಮ್ಮ ಕಡ್ಯಾಂವನೇ ಬರ್ದಾನ, ನಮ್ಮ ಜ್ವಾಳ ಅದ' ಅಂತ ಅದರ ಮ್ಯಾಲ ಕೈ ಇಟ್ಟು ನಿಂತ. ಹಾದಿಯಾಗ ಹೊಂಟಾವ್ನಿಗೆ ಫೋಟೋ ತೆಗೀರಿ ಅಂದಾವ್ನೂ ಅವನೇ. ನೋಡ್ರಿ, ಎಷ್ಟು ನಗ್ಲಿಕತ್ತಾನ."

ಘಾಳೆಪ್ಪನ ಅಗಲವಾದ ಅಂಗೈ ಬೋರ್ಡಿನ ಬಲ ಮೂಲೆಯನ್ನು ಪೂರಾ ಮುಚ್ಚಿತ್ತು. ಉಳಿದ ಐದು ಮಂದಿ ಕ್ಯಾಮೆರಾ ನೋಡುತ್ತಿದ್ದರು; ನಗುವಿನಲ್ಲಿ ಹಲ್ಲು ಕಾಣುತ್ತಿದ್ದದ್ದು ಅವನೊಬ್ಬನದೇ.

"ಬರ್ದಾವ ಯಾರಿರಬಹುದು?" ಮಾಸ್ತರರು ಕೇಳಿದರು.

"ಯಾರಿಗ್ಗೊತ್ತು. ಮೊದಲ ಬೈದಿವಿ. ಆಮ್ಯಾಗ ಕೈ ಭಾರಿ ಛಲೋ ಅದ ಅಂದಿವಿ. ಅವಗೂ ಹೊಟ್ಟಿ ಇರ್ತದಲ್ರಿ."

ನರಸಿಂಗನ ಕಣ್ಣು ತಾನಾಗಿಯೇ ಮಜೀದನ ತಲೆಯ ಮೇಲೆ ಹೋಯಿತು. ಅಲ್ಲಿ ಗೋಡೆಗೆ ಶಿವರಾಜಪ್ಪನ ಹೋಟೆಲಿನ ತಿಂಡಿಯ ಪಟ್ಟಿ ನೇತಾಡುತ್ತಿತ್ತು, ವಿದೇಶಕ್ಕೆ ಹೋಗುವ ಮೊದಲು ಅವನೇ ಬರೆದು ಕೊಟ್ಟಿದ್ದು. ಅದರ ಬಲ ಮೂಲೆಯಲ್ಲೂ ಒಂದು ತೆನೆ ಇತ್ತು. ಹತ್ತು ವರ್ಷದ ಹೊಗೆ ಕೂತು ಅದು ಎಣ್ಣೆಯ ಕಲೆಯಾಗಿ ಕಾಣುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನರಸಿಂಗ ಶಿವರಾಜಪ್ಪನ ಒಲೆಯ ಹೊಗೆಗೆ ಮನಸ್ಸಿನಲ್ಲೇ ಕೈ ಮುಗಿದ.

"ಬರ್ದ ಕೊಡ್ತೀರಲ್ರಿ, ಹಿಂಗೇ?" ಮಜೀದ ಕೇಳಿದ.

"ಕೊಡ್ತೇನಿ," ಎಂದ ನರಸಿಂಗ. ಇಲ್ಲ ಅನ್ನಲು ಒಂದು ಕಾರಣ ಬೇಕಾಗುತ್ತಿತ್ತು, ಅವನ ಹತ್ತಿರ ಇದ್ದದ್ದು ಒಂದೇ ಕಾರಣ.

ನರಸಿಂಗ ಹುಟ್ಟಿದ್ದು ಠಾಣಾ ಕುಶನೂರದಲ್ಲಿ. ಹದಿನಾರನೇ ವಯಸ್ಸಿಗೆ ಬೀದರಕ್ಕೆ ಬಂದು ಚೌಬಾರಾದ ಹತ್ತಿರ ಅಬ್ದುಲ ಖಾದರ ಎಂಬ ಹಳೇ ಪೇಂಟರನ ಕೈಕೆಳಗೆ ಕೆಲಸ ಕಲಿತ. ಬೀದರದಲ್ಲಿ ಒಬ್ಬ ಪೇಂಟರನಿಗೆ ಒಂದೇ ಲಿಪಿ ಬಂದರೆ ಹೊಟ್ಟೆ ತುಂಬುತ್ತಿರಲಿಲ್ಲ. ಉಸ್ತಾದರು ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕನ್ನೂ ಕಲಿಸಿದರು. ಜೊತೆಗೆ ಬೋರ್ಡಿನ ಮೂಲೆಯಲ್ಲಿ ತನ್ನದೊಂದು ಗುರುತು ಇಡುವುದನ್ನೂ ಕಲಿಸಿದರು. ಉಸ್ತಾದರದು ಸಣ್ಣದೊಂದು ಗುಲಾಬಿ ಮೊಗ್ಗು. ನರಸಿಂಗ ಮನೆಯ ಹೊಲ ನೆನೆದು ಜೋಳದ ತೆನೆ ಆರಿಸಿಕೊಂಡ: ಸಣ್ಣ ಬ್ರಶ್ಶಿನ ಒಂದು ಎಳೆ, ಅದರ ಸುತ್ತ ಏಳು ಚುಕ್ಕಿ.

"ಗುರುತು ಯಾಕ್ರಿ ಉಸ್ತಾದ? ಹೆಸರು ಆಗ್ಲಿ ಅಂತ?" ಎಂದು ಆಗ ಕೇಳಿದ್ದ.

"ಹೆಸರು ಅಲ್ಲೋ ಹುಚ್ಚಾ," ಎಂದಿದ್ದರು ಅಬ್ದುಲ ಖಾದರ. "ಬೋರ್ಡಿನಾಗ ತಪ್ಪಾದ್ರ ಮಂದಿಗೆ ಬೈಲಿಕ್ಕೆ ಒಬ್ಬ ಮನಷ್ಯಾ ಬೇಕಲ್ಲ. ಗುರುತು ಇಲ್ಲದ ಬೋರ್ಡ್ ಅಂದ್ರ ಬೇವಾರಸಿ."

ಆ ದೇಶದ ವರ್ಕ್‌ಶಾಪಿನಲ್ಲಿ ಎಲ್ಲ ಮಶೀನಿನ ಕೆಲಸ. ನರಸಿಂಗ ಮಾಡುತ್ತಿದ್ದದ್ದು ತಗಡಿಗೆ ಬಣ್ಣ ಹೊಡೆಯುವುದು, ಮೊಳೆ ಬಡಿಯುವುದು, ಬಾಣದ ಗುರುತು ಅಂಟಿಸುವುದು. ಆ ಒಂದು ಬೋರ್ಡಿನ ದಿನ ಕಂಪ್ಯೂಟರಿನಲ್ಲಿ ಕನ್ನಡ ಬರಲಿಲ್ಲ, ಅಕ್ಷರದ ಜಾಗದಲ್ಲಿ ಬರೀ ಡಬ್ಬಿ ಡಬ್ಬಿ ಬಂತು. ಫೋರ್ಮನ್ ತಲೆ ಕೆಡಿಸಿಕೊಂಡು ನಿಂತಾಗ ನರಸಿಂಗ ಕೈ ಎತ್ತಿದ. ಒಂದೇ ಥರ ಕಾಣಲೆಂದು ಕೆಳಗಿನ ನಾಲ್ಕೂ ಸಾಲು ಕೈಯಿಂದಲೇ ಬರೆದ. ಇಡೀ ವರ್ಕ್‌ಶಾಪು ಕೆಲಸ ಬಿಟ್ಟು ಸುತ್ತ ನಿಂತು ನೋಡಿತು, ಕೆಲವರು ಚಪ್ಪಾಳೆ ಹೊಡೆದರು. ಕನ್ನಡದ ಸಾಲು ಬರೆಯುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟು ದಿನದ ಮೇಲೆ ಕೈಗೆ ಕನ್ನಡ ಸಿಕ್ಕಿತ್ತು. ಮುಗಿದ ಮೇಲೆ ಯಾರೂ ಹೇಳದಿದ್ದರೂ ಕೈ ತಾನಾಗಿಯೇ ಬಲ ಮೂಲೆಗೆ ಹೋಗಿ ತೆನೆ ಇಟ್ಟು ಬಂತು. ಮಶೀನಿನ ಮಂದಿ ಎಂದೂ ಮಾಡದ ಕೆಲಸ ಅದು.

ಪೇಂಟರರಿಗೆಲ್ಲ ಒಂದು ಚಟ ಇರುತ್ತದೆ, ತಾವು ಬರೆದ ಬೋರ್ಡನ್ನು ಅದರ ಜಾಗದಲ್ಲಿ ನೋಡಬೇಕು. ಆ ಶುಕ್ರವಾರ ನರಸಿಂಗ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಪಾರ್ಕಿನ ಎದುರಿನ ಕಟ್ಟೆಯ ಮೇಲೆ ಕೂತ. ಕೂಲಿ ಮಂದಿ ಮೂವರು, ನಾಲ್ವರು ಸೇರಿ ಬರುತ್ತಿದ್ದರು. ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ತುಟಿ ಅಲ್ಲಾಡಿಸಿ ಓದುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ತಲೆ ಬಗ್ಗಿಸಿ ತಮ್ಮ ತಮ್ಮ ಅಂಗಿಯನ್ನು ನೋಡಿಕೊಳ್ಳುತ್ತಿದ್ದರು, ಎದೆಯಿಂದ ಹೊಟ್ಟೆಯ ತನಕ, ಅದನ್ನು ಆಗಲೇ ಮೊದಲ ಸಲ ನೋಡಿದ ಹಾಗೆ. ಆಮೇಲೆ ತಿರುಗಿ ಹೋಗುತ್ತಿದ್ದರು. ನರಸಿಂಗ ಅರ್ಧ ತಾಸು ಕೂತ. ನಾಚಿಕೆ ಅವನ ಕಿವಿ ಹಿಡಿದು ಎಬ್ಬಿಸಿತು. ಅಲ್ಲಿಂದ ಎದ್ದವನು ಮತ್ತೆ ಆ ರಸ್ತೆಗೆ ಹೋಗಲಿಲ್ಲ. ಆ ದಿನದಿಂದ ಯಾವ ಬೋರ್ಡಿಗೂ ತೆನೆ ಇಡಲಿಲ್ಲ. ಭಾಲ್ಕಿಗೆ ಬಂದ ಮೇಲೂ ಅಷ್ಟೇ. ಯಾರಾದರೂ ಕೇಳಿದರೆ, ಈಗಿನ ಫ್ಲೆಕ್ಸ್ ಕಾಲದಲ್ಲಿ ಗುರುತು ಯಾರು ನೋಡುತ್ತಾರೆ ಅನ್ನುತ್ತಿದ್ದ.

ಆ ಸಂಜೆ ಶಾಲುಬಾಯಿ ರೊಟ್ಟಿ ಬಡಿಯುತ್ತ, ಒಂದು ರೊಟ್ಟಿಯನ್ನೇ ಮುರಿಯುತ್ತ ಕೂತ ಗಂಡನನ್ನು ನೋಡಿದಳು. ಮೂರು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ನರಸಿಂಗ ಅವಳಿಗೆ ಹೇಳಿದ. ಪೂರಾ ಹೇಳಿದ, ಚಪ್ಪಾಳೆ ಹೊಡೆದದ್ದನ್ನೂ ಬಿಡಲಿಲ್ಲ.

ಶಾಲುಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಆ ಮಂದಿ ಬೋರ್ಡ್ ಓದಿ ತಿರಗಿ ಹೋದ್ರು. ನೀವು ಬರಿಯಾಕಿಂತ ಮೊದಲ ಓದಿದ್ರೇನ್ರಿ?"

"ಓದಿನಿ. ಅಕ್ಷರ ಹ್ಯಾಂಗ ಕೂಡ್ತಾವ, ಎಷ್ಟು ಜಾಗ ಹಿಡೀತಾವ, ಅದನ್ನ ಓದಿನಿ. ಮಾತು ಓದಲಿಲ್ಲ."

"ನೀವು ಬರೀಲಿಲ್ಲಂದ್ರ ಮತ್ತ ಯಾರರೆ ಬರೀತಿದ್ರು."

"ಕನ್ನಡದಾಗ ಬರ್ಯಾವ್ರು ಅಲ್ಲಿ ಯಾರೂ ಇದ್ದಿಲ್ಲ. ನಾ ಕೈ ಎತ್ತಲಿಲ್ಲಂದ್ರ ಕನ್ನಡನೇ ಇರ್ತಿದ್ದಿಲ್ಲ. ಅವರಿಗೆ ಅದು ತಿಳೀತಿದ್ದಿಲ್ಲ."

ಸಮಾಧಾನದ ಮಾತು ಹೇಳಿ ರೂಢಿಯಿದ್ದ ಹೆಂಗಸಲ್ಲ ಶಾಲುಬಾಯಿ. "ನಿಮಗ ನಾಚಿಕಿ ಆಗ್ಯಾದಂದ್ರ ಆಗ್ಲಿ ಬಿಡ್ರಿ. ಆಗಬೇಕಾದ್ದೇ ಅದು. ರೊಟ್ಟಿ ತಿನ್ರಿ," ಎಂದಳು.

ಮುಂದಿನ ಮೂರು ದಿನ ನರಸಿಂಗ ಹೋಟೆಲಿಗೆ ಚಹಾಕ್ಕೆ ಹೋದರೂ ಕಥೆ ಹೇಳಲಿಲ್ಲ. ಬರ್ನಬಾಸ ಮಾಸ್ತರರು ಉಸುಕಿನ ವಿಷಯ ಎರಡು ಸಲ ಎತ್ತಿ ನೋಡಿದರು. ಗಂಟಲು ಕೆಟ್ಟಿದೆ ಎಂದ. ತನ್ನ ತಗಡಿನ ಖೋಖಾ ಅಂಗಡಿಯಲ್ಲಿ ಕೂತು ಮಜೀದನ ಬೋರ್ಡಿಗೆ ಬಿಳಿ ಬಣ್ಣ ಎರಡು ಕೈ ಹೊಡೆದ, ಒಣಗಿದ ಮೇಲೆ ದಾರ ಹಿಡಿದು ಗೆರೆ ಎಳೆದ. ಕನ್ನಡದ ಸಾಲಿಗೆ ಬ್ರಶ್ ಇಟ್ಟಾಗ ಒಂದು ಗಳಿಗೆ, ಬೇಕೆಂದೇ ಕೆಟ್ಟದಾಗಿ ಬರೆದರೆ ಹೇಗೆ ಅನ್ನಿಸಿತು. ಬೇರೆ ಯಾರದೋ ಕೈ ಅನ್ನಿಸುವ ಹಾಗೆ. 'ಮ'ವನ್ನು ಚಪ್ಪಟೆ ಮಾಡಿದ. ನೋಡಿದ. ಸೀಮೆಎಣ್ಣೆಯ ಅರಿವೆಯಿಂದ ಒರೆಸಿ ಮತ್ತೆ ದುಂಡಗೆ ಬರೆದ. ಕೈಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಬಾಯಿಗೆ ಬಂದಷ್ಟು ಸಲೀಸಾಗಿ. ನಾಲ್ಕೂ ಸಾಲು ಮುಗಿದವು. ಬಲ ಮೂಲೆ ಮಾತ್ರ ಬಿಳಿಯಾಗಿಯೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಬೋರ್ಡನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಔರಾದಕ್ಕೆ ತಂದ. ಸಣ್ಣ ಡಬ್ಬಿಯಲ್ಲಿ ಹಳದಿ ಬಣ್ಣವನ್ನೂ ಸಣ್ಣ ಬ್ರಶ್ಶನ್ನೂ ಚೀಲದಲ್ಲಿಟ್ಟುಕೊಂಡಿದ್ದ. ಎಲ್ಲಾದರೂ ಬಣ್ಣ ಕಿತ್ತುಹೋದರೆ ತಿದ್ದಲಿಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಬೋರ್ಡಿನಲ್ಲಿ ಎಲ್ಲೂ ಹಳದಿ ಇರಲಿಲ್ಲ.

ಮಜೀದನ ಅಂಗಡಿ ಸಣ್ಣದು: ಎರಡು ಬೆಂಚು, ಒಂದು ಗ್ಯಾಸಿನ ಒಲೆ, ಗೋಡೆಗೆ ಹೊಸ ಸುಣ್ಣ. ನಮಾಜು ಮುಗಿಸಿ ಬಂದ ಮೇಲೆ ಶುರು ಮಾಡುವುದೆಂದು ಗೊತ್ತಾಗಿತ್ತು. ಇಬ್ಬರೂ ಸೇರಿ ಬೋರ್ಡನ್ನು ಬಾಗಿಲ ಪಕ್ಕದ ಗೋಡೆಗೆ, ಎದೆಯ ಎತ್ತರಕ್ಕೆ ಬಡಿದರು. ಮಜೀದ ರಸ್ತೆಯ ಆಚೆ ದಂಡೆಗೆ ಹೋಗಿ ನಿಂತು ನೋಡಿ ಬಂದ.

"ಅದೇ ಕೈ ನೋಡ್ರಿ ಬಿಲ್ಕುಲ್. ಫೋಟೋ ನೋಡಿ ಇಷ್ಟು ಹುಬೇಹೂಬ್ ಬರೀತೀರಿ ಅಂದ್ಕೊಂಡಿದ್ದಿಲ್ಲ. ಏನರೆ ಬಾಕಿ ಅದ?"

"ಒಂದು ಸಣ್ಣ ಕೆಲಸ ಅದ," ಎಂದ ನರಸಿಂಗ.

ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ತಿರುವಿದ. ಬೋರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೂಲೆಯಲ್ಲಿ ಒಂದು ಎಳೆ ಎಳೆದ. ಅದರ ಸುತ್ತ ಒಂದೊಂದಾಗಿ ಏಳು ಚುಕ್ಕಿ ಇಟ್ಟ. ಮೂರು ವರ್ಷವಲ್ಲ, ಅದಕ್ಕೂ ಹೆಚ್ಚು ಕಾಲ ಬಿಟ್ಟಿದ್ದರೂ ಕೈ ಎಲ್ಲೂ ತಡೆಯಲಿಲ್ಲ.

ಹಿಂದೆ ನಿಂತಿದ್ದ ಮಜೀದ, ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂದರೂ ಕದಲಲಿಲ್ಲ. ಆಮೇಲೆ ಫೋನು ತೆಗೆದ, ಫೋಟೋ ಹುಡುಕಿದ, ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿದ. ಅಲ್ಲಿ ಘಾಳೆಪ್ಪನ ಅಂಗೈ ಬಿಟ್ಟು ಏನೂ ಕಾಣುವಂತಿರಲಿಲ್ಲ. ಫೋನನ್ನು ಮತ್ತೆ ಜೇಬಿನಲ್ಲಿಟ್ಟ.

"ಅವತ್ತು ಹೋಟೆಲಿನಾಗ ಯಾಕ ಹೇಳಲಿಲ್ಲ?" ಎಂದ.

"ನಾಚಿಕಿ ಆತ್ರಿ."

"ನಾ ನಿಮ್ಮ ಮುಂದೇ ಹೇಳ್ಕೋತ ನಕ್ಕೆ."

"ಹೌದ್ರಿ. ನಾನೂ ನಕ್ಕೆ."

ಮಜೀದ ಒಳಗೆ ಹೋಗಿ ಒಲೆ ಸಣ್ಣದು ಮಾಡಿದ. ಹೊರಗೆ ಬರುವ ಮನಸ್ಸು ಅವನಿಗೆ ಇದ್ದಂತಿರಲಿಲ್ಲ. ಚೆಲ್ಲಿದ ಹಾಲನ್ನು ಅರಿವೆಯಿಂದ ಒರೆಸುತ್ತಲೇ ನಿಂತ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ. ನರಸಿಂಗನಿಗೆ ಹೊರಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅಷ್ಟರಲ್ಲಿ ಚಿಂತಾಕಿಯ ಕಡೆಯಿಂದ ಬಂದ ಟಂಟಂ ಗಾಡಿಯೊಂದು ಅಂಗಡಿಯ ಮುಂದೆ ನಿಂತು ಒಬ್ಬ ಎತ್ತರದ ಮನುಷ್ಯ ಇಳಿದ. ಕೈಯಲ್ಲಿ ಹೂವಿನ ಮಾಲೆ, ಹೊಸ ಬಿಳಿ ಅಂಗಿ; ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ನರಸಿಂಗ ಮೊದಲು ಗುರುತಿಸಿದ್ದು ಆ ಹಲ್ಲು, ಆಮೇಲೆ ಆ ಅಂಗೈ.

"ಮಜೀದಭಾಯಿ, ಅಂಗಡಿ ಭಾರಿ ಆಗ್ಯಾದಲ್ಲ," ಎನ್ನುತ್ತ ಬಂದ ಘಾಳೆಪ್ಪ ಬೋರ್ಡಿನ ಮುಂದೆ ನಿಂತುಬಿಟ್ಟ. ಅಕ್ಷರಗಳ ಮೇಲೆ ಹಾಯ್ದು ಹೋದ ಅವನ ಕಣ್ಣು ಬಲ ಮೂಲೆಗೆ ಬಂದು ಕೂತಿತು. ಬಗ್ಗಿ ತೆನೆಯನ್ನು ಮುಟ್ಟಿದ. ಹಸಿ ಹಳದಿ ಬೆರಳಿಗೆ ಅಂಟಿತು.

"ಅದೇ ತೆನಿ," ಎಂದ. "ಏ ಮಜೀದಭಾಯಿ, ಅಲ್ಲಿ ಪಾರ್ಕಿನಾಗ ಇತ್ತಲ್ಲ, ಅದೇ ತೆನಿ. ಬರ್ದಾವ್ರು ಎಲ್ಲಿ?" ಕೆಳಗೆ ಬ್ರಶ್ ಹಿಡಿದು ಕೂತಿದ್ದ ನರಸಿಂಗನ ಮೇಲೆ ಅವನ ಕಣ್ಣು ಬಿತ್ತು. "ನೀವ ಏನ್ರಿ? ಅಲ್ಲಿ ಬರ್ದಾವ್ರೂ ನೀವ?"

"ನಾನ್ರಿ."

ಘಾಳೆಪ್ಪ ಅವನ ಎರಡೂ ಕೈ ಹಿಡಿದು ಎಬ್ಬಿಸಿದ. ಹಿಡಿದ ಕೈ ಬಿಡಲಿಲ್ಲ. "ನಾ ಅಂದಿದ್ದಿನಿ, ನಮ್ಮ ಕಡ್ಯಾಂವನೇ ಅಂತ. ನಿಮಗ ಗೊತ್ತಿಲ್ರಿ, ಆ ತೆನಿ ನೋಡಿ ಅವತ್ತು ನನಗ ಊರಿಗೆ ಹೋಗಿ ಬಂದಂಗ ಆತು. ಪಾರ್ಕ್ ಬಂದ್ ಇತ್ತು, ಒಳಗ ಹೋಗಾಕ ಆಗಲಿಲ್ಲ. ಆದ್ರ ಖುಷಿಯಿಂದ ತಿರಗಿ ಬಂದಿನಿ. ಆ ಫೋಟೋ ದೊಡ್ಡದು ಮಾಡಿ ಮನಿಯಾಗ ಹಾಕೀನಿ. ಬಂದವರಿಗೆಲ್ಲ ತೋರಿಸ್ತೇನಿ."

ಬಂದವರೆಲ್ಲ ಓದಲು ಬಾರದವರೇ ಆಗಿರಲಾರರು ಎಂದು ನರಸಿಂಗನಿಗೆ ಅನ್ನಿಸಿತು. ಆ ಮನೆಗೆ ಬಂದವರು ಗೋಡೆಯ ಮೇಲಿನ ಫೋಟೋ ಓದಿ, ಘಾಳೆಪ್ಪನ ಮುಖ ನೋಡಿ, ಏನೂ ಹೇಳದೆ ಚಹಾ ಕುಡಿದು ಹೋಗುವುದು ಕಣ್ಣಿಗೆ ಕಟ್ಟಿತು.

"ಹೌದಪ, ಬಂದ್ ಇತ್ತು ಅವತ್ತು," ಎಂದ ಮಜೀದ ಒಳಗಿನಿಂದ, ಅವಸರದಲ್ಲಿ. ಅವನು ಬಾಗಿಲಿಗೆ ಬಂದು ನಿಂತು ನರಸಿಂಗನನ್ನೇ ನೋಡಿದ. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು. "ಒಳಗ ಬರ್ರಿ ಇಬ್ಬರೂ. ಮೊದಲ ಚಹಾ ನಿಮ್ಮದೇ."

ಸು‌ಮ್ಮನಿದ್ದುಬಿಟ್ಟರೆ ಮುಗಿಯುತ್ತಿತ್ತು. ಘಾಳೆಪ್ಪನ ಕೈ ಬೆಚ್ಚಗಿತ್ತು, ಗಾರೆ ಕಲಸಿ ಕಲಸಿ ಒರಟಾಗಿತ್ತು. ಈ ಒಬ್ಬ ಮನುಷ್ಯ ಜಗತ್ತಿನಲ್ಲಿ ಆ ಬೋರ್ಡಿಗಾಗಿ ನರಸಿಂಗನಿಗೆ ಕೈ ಮುಗಿಯುವವನಾಗಿದ್ದ. ಆ ಮೆಚ್ಚುಗೆಯನ್ನು ಇಟ್ಟುಕೊಳ್ಳುವ ಆಸೆ ನರಸಿಂಗನಿಗೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಳದಿ ತೆನೆ ಗೋಡೆಯ ಮೇಲೆ ಹಸಿಯಾಗಿ ಹೊಳೆಯುತ್ತಿತ್ತು, ಘಾಳೆಪ್ಪ ಮುಟ್ಟಿದಲ್ಲಿ ಎರಡು ಚುಕ್ಕಿ ಕದಡಿದ್ದವು.

"ಬಂದ್ ಇದ್ದಿಲ್ರಿ," ಎಂದ ನರಸಿಂಗ.

"ಏನು?"

"ಪಾರ್ಕ್ ಅವತ್ತು ಬಂದ್ ಇದ್ದಿಲ್ಲ. ನಾ ಬರ್ದಿದ್ದು ಬ್ಯಾರೆ." ಬೋರ್ಡಿನ ಮಾತನ್ನು ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಈ ಸಲ ಬೆರಳು ಗಾಳಿಯಲ್ಲಿ ಬರೆಯಲಿಲ್ಲ, ಅದು ಘಾಳೆಪ್ಪನ ಕೈಯೊಳಗಿತ್ತು. "ಕೆಲಸದ ಬಟ್ಟಿ ಮ್ಯಾಲ ಬಂದವರು ಒಳಗ ಬರಬಾರದು ಅಂತ ಬರ್ದಿನಿ. ನಿಮ್ಮಂಥವರಿಗೆ ತಿಳೀಲಿ ಅಂತನೇ ನನ್ನ ಕೈಲೆ ಕನ್ನಡದಾಗ ಬರಸಿದ್ರು. ನೀವು ಬೈರಿ ನನಗ."

ಘಾಳೆಪ್ಪ ಬೈಯಲಿಲ್ಲ. ಮಜೀದನ ಕಡೆ ನೋಡಿದ. ಮಜೀದ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ. ಘಾಳೆಪ್ಪನ ಹಿಡಿತ ಮೆಲ್ಲಗೆ ಸಡಿಲಾಯಿತು. ಭಾಲ್ಕಿಯ ಬಸ್ಸೊಂದು ಧೂಳೆಬ್ಬಿಸಿ ಸ್ಟ್ಯಾಂಡಿನೊಳಗೆ ತಿರುಗಿತು.

"ಒಳಗ ಬಾ ಘಾಳೆಪ್ಪ," ಎಂದ ಮಜೀದ.

ಘಾಳೆಪ್ಪ ತಲೆ ಬಗ್ಗಿಸಿ ತನ್ನ ಅಂಗಿಯನ್ನು ನೋಡಿಕೊಂಡ. ಎದೆಯಿಂದ ಹೊಟ್ಟೆಯ ತನಕ ನೋಡಿಕೊಂಡ. ಅದು ಹೊಸದು, ಬೆಳ್ಳಗಿತ್ತು, ಅದರ ಮೇಲೆ ಏನೂ ಇರಲಿಲ್ಲ. ಆದರೂ ಹಳದಿ ಅಂಟಿದ ಬೆರಳನ್ನು ತಾಗದ ಹಾಗೆ ಎತ್ತಿ ಹಿಡಿದು, ಅಂಗೈಯಿಂದ ಅಂಗಿಯನ್ನು ಎರಡು ಸಲ ಕೊಡವಿಕೊಂಡ.